ಮಾವಿನ ತೋಟದಲ್ಲಿ ಮಾಂಸದ ಕೋಳಿ: ತಳಿ ಮೊದಲು, ಮೇಯಿಸುವ ಮಾತು ಆಮೇಲೆ

ಪ್ರಶ್ನೆ: ಶ್ರೀನಿವಾಸಪುರದ ಬಳಿ ನಮಗೆ ಎರಡು ಎಕರೆ ಮಾವಿನ ತೋಟವಿದೆ. ಬೇಲಿ ಇದೆ, ಕೊಳವೆಬಾವಿ ಇದೆ. 500 ಬ್ರಾಯ್ಲರ್ ಮರಿಗಳನ್ನು ತಂದು ಮರದ ಕೆಳಗೆ ಮೇಯಲು ಬಿಟ್ಟರೆ ಆಹಾರದ ಖರ್ಚು ಉಳಿಯುತ್ತದೆ, ನಾಟಿ ಕೋಳಿಯ ಬೆಲೆಯೂ ಸಿಗುತ್ತದೆ ಎಂದು ಮಗ ಹೇಳುತ್ತಾನೆ. ಶೆಡ್ ಕಟ್ಟಿ ಕಂಪನಿಯ ಒಪ್ಪಂದಕ್ಕೆ ಸೇರುವುದೇ ಸರಿ ಎನ್ನುತ್ತಾರೆ ನಮ್ಮ ಭಾವ. ಯಾರ ಮಾತು ಕೇಳಲಿ?
– ರೈತರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ಬ್ರಾಯ್ಲರ್ ಮರಿಗಳನ್ನು ದಯವಿಟ್ಟು ತೋಟಕ್ಕೆ ಬಿಡಬೇಡಿ. ಆರು ವಾರದೊಳಗೆ ಎರಡು ಕೆಜಿ ತೂಗಬೇಕೆಂದೇ ರೂಪಿಸಿದ ತಳಿ ಅದು. ಮೈಯಲ್ಲಿ ಮಾಂಸ ತುಂಬುವ ವೇಗಕ್ಕೆ ಕಾಲುಗಳಾಗಲಿ ಹೃದಯವಾಗಲಿ ಸಮನಾಗಿ ಬೆಳೆಯುವುದಿಲ್ಲ. ನೆಲ ಕೆದಕಿ ಹುಳ ಹುಡುಕುವ ಚುರುಕೂ ಇಲ್ಲದೆ ಆಹಾರದ ಡಬ್ಬಿಯ ಪಕ್ಕದಲ್ಲೇ ಕುಳಿತಿರುತ್ತದೆ. ಏಪ್ರಿಲ್ ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುತ್ತಾ ಸಾಯುತ್ತದೆ. ಮುಂಗುಸಿ ಬಂದರೆ ಓಡಿ ಪಾರಾಗಲಾರದು. ಎರಡು ಕೆಜಿ ತೂಕ ಬರಲು ಸುಮಾರು ಮೂರೂವರೆ ಕೆಜಿ ಆಹಾರ ಬೇಕು, ಅದನ್ನು ನೀವೇ ಹಾಕಬೇಕು. ಹುಲ್ಲಿನಿಂದ ಉಳಿಯುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಇನ್ನು ಬ್ರಾಯ್ಲರನ್ನು ನಾಟಿಯೆಂದು ಮಾರುವುದು ಮೋಸ. ಸಾರು ಕುದಿಸಿದ ಮನೆಯವರಿಗೆ ಅದು ತಿಳಿಯುತ್ತದೆ, ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ.

ಭಾವನವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಅದು ಬೇರೆಯದೇ ಕಸುಬು. ಕಂಪನಿ ಮರಿ, ಆಹಾರ, ಔಷಧಿ ಕೊಡುತ್ತದೆ. ಶೆಡ್, ವಿದ್ಯುತ್, ನೀರು, ದುಡಿಮೆ ನಿಮ್ಮವು. ಸಾಕಣೆ ಕೂಲಿ ಕೆಜಿ ಲೆಕ್ಕದಲ್ಲಿ ಬರುತ್ತದೆ. ಸಾವಿರಾರು ಕೋಳಿಗಳ ಶೆಡ್‌ಗೆ ಮಾತ್ರ ಅದು ಗಿಟ್ಟುತ್ತದೆ. ಸಾಲ ಮಾಡಿ ಕಟ್ಟುವ ಮೊದಲು ಒಪ್ಪಂದದಲ್ಲಿ ಮರಿ ಸತ್ತರೆ ನಷ್ಟ ಯಾರದು, ಎರಡು ಬ್ಯಾಚ್‌ಗಳ ನಡುವೆ ಶೆಡ್ ಎಷ್ಟು ದಿನ ಖಾಲಿ ಇರುತ್ತದೆ ಎಂಬುದನ್ನು ಓದಿಸಿ ಕೇಳಿ.

ನಿಮ್ಮ ತೋಟಕ್ಕೆ ನಾನು ಹೇಳುವುದು ಗಿರಿರಾಜ ಅಥವಾ ಸ್ವರ್ಣಧಾರ. ಎರಡೂ ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ಅಭಿವೃದ್ಧಿಯಾದ ಕೋಳಿ ತಳಿಗಳು. ಬ್ರಾಯ್ಲರ್‌ಗಿಂತ ನಿಧಾನವಾಗಿ, ನಾಟಿಗಿಂತ ಬೇಗ ಬೆಳೆಯುತ್ತವೆ. ಕಾಲು ಗಟ್ಟಿ, ಬಣ್ಣದ ಗರಿ, ಕೆದಕಿ ತಿನ್ನುವ ಸ್ವಭಾವ. ಮೂರು ತಿಂಗಳು ಕೈಯಾರೆ ಆಹಾರ ಹಾಕಿ ಸಾಕಿದರೆ ಮಾರುವ ತೂಕಕ್ಕೆ ಬರುತ್ತವೆ. 500 ಬೇಡ, ಮೊದಲ ಬ್ಯಾಚ್‌ಗೆ 200 ಸಾಕು.

ಇಲ್ಲಿ ಒಂದು ತೊಡಕಿದೆ. ಕೋಳಿಗೆ ಒಳ್ಳೆಯ ಬೇಡಿಕೆ ಬರುವುದು ಯುಗಾದಿಯ ಮರುದಿನದ ಹೊಸತೊಡಕಿಗೆ. ಅದಕ್ಕೆ ಸರಿಯಾಗಿ ಡಿಸೆಂಬರ್ ಕೊನೆಗೆ ಮರಿ ತಂದರೆ ಅವು ಹೊರಗೆ ಬರುವ ಹೊತ್ತಿಗೆ ನಿಮ್ಮ ಮಾವು ಹೂವಿನಲ್ಲಿ, ಹೀಚಿನಲ್ಲಿ ಇರುತ್ತದೆ. ಜಿಗಿಹುಳಕ್ಕೂ ಬೂದಿರೋಗಕ್ಕೂ ಔಷಧಿ ಹೊಡೆಯುವ ಕಾಲ ಅದು. ವಿಷ ಬಿದ್ದ ಹುಳ ತಿಂದ ಕೋಳಿ ಸಾಯಬಹುದು. ಸಾಯದಿದ್ದರೆ ಆ ವಿಷದ ಅಂಶ ತಿನ್ನುವವರ ತಟ್ಟೆಗೆ ಬರಬಹುದು. ಆದ್ದರಿಂದ ನಿಮಗೆ ಹೊಂದುವ ಲೆಕ್ಕವೇ ಬೇರೆ. ಮಾವಿನ ಕೊಯ್ಲು ಮುಗಿಯುವ ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ ಮರಿ ತನ್ನಿ. ಐದು ವಾರ ಒಳಗೆ ಇರಲಿ. ಆಗಸ್ಟ್‌ನಲ್ಲಿ ಮಳೆಗೆ ಹುಲ್ಲು, ಹುಳ ಎದ್ದಾಗ ಹೊರಗೆ ಬಿಡಿ. ಮಾಂಸದ ಬೇಡಿಕೆ ಕುಸಿಯುವ ಶ್ರಾವಣವನ್ನು ಕೋಳಿಗಳು ಬೆಳೆಯುತ್ತಲೇ ದಾಟುತ್ತವೆ. ಪಿತೃಪಕ್ಷದ ಹೊತ್ತಿಗೆ, ಮಹಾಲಯ ಅಮಾವಾಸ್ಯೆಯ ಎಡೆಗೆ ಜನ ಕೋಳಿ ಹುಡುಕುವಾಗ, ನಿಮ್ಮಲ್ಲಿ ತೂಕಕ್ಕೆ ಬಂದ ಕೋಳಿಗಳಿರುತ್ತವೆ. ಯಾರೇನೇ ಹೇಳಿದರೂ ಈ ಬ್ಯಾಚನ್ನು ತಪ್ಪಿಸಬೇಡಿ.

ಮೊದಲ ವಾರ ಕಾವಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಿ. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ನಿಂತರೆ ಚಳಿ, ದೂರ ಸರಿದರೆ ಸೆಕೆ. ಬಲ್ಬಿನ ಸುತ್ತಿನ ಆವರಣ ದುಂಡಗಿರಲಿ, ಮೂಲೆ ಇದ್ದರೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಹೊರಗೆ ಬಿಟ್ಟ ಮೇಲೂ ರಾತ್ರಿ ಶೆಡ್ಡಿನಲ್ಲೇ ಕೂಡಬೇಕು. 200 ಕೋಳಿಗೆ 300 ಚದರ ಅಡಿ ಇರಲಿ, ಉದ್ದ ಪೂರ್ವ ಪಶ್ಚಿಮಕ್ಕೆ ಚಾಚಿರಲಿ.

ಬಯಲಿಗೆ ಬಿಟ್ಟ ಕೋಳಿಗೆ ರೋಗ ಬರುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಹೊಕ್ಕರೆ ಇಡೀ ಹಿಂಡು ಹೋಗುತ್ತದೆ. ಅದನ್ನು ತಡೆಯುವ ಲಸಿಕೆಗಳೇ ಲಸೋಟ ಮತ್ತು ಆರ್‌ಟುಬಿ. ಏಳನೇ ದಿನ ಲಸೋಟ ಕಣ್ಣಿಗೆ ಹನಿ, ಹದಿನಾಲ್ಕನೇ ದಿನ ಗಂಬೋರೊ ಎಂಬ ಇನ್ನೊಂದು ರೋಗದ ಲಸಿಕೆ, ಇಪ್ಪತ್ತೆಂಟನೇ ದಿನ ಮತ್ತೆ ಲಸೋಟ, ಎಂಟನೇ ವಾರ ಆರ್‌ಟುಬಿ ಚುಚ್ಚುಮದ್ದು. ದಿನಗಳನ್ನು ನಿಮ್ಮ ಪಶುವೈದ್ಯರೊಡನೆ ಖಚಿತಪಡಿಸಿಕೊಳ್ಳಿ. ಲಸಿಕೆಯನ್ನು ನೀರಿನಲ್ಲಿ ಕೊಡುವುದಾದರೆ ಆ ನೀರಿಗೆ ಕ್ಲೋರಿನ್ ಸೇರಿರಬಾರದು. ಲೀಟರಿಗೆ ಐದು ಗ್ರಾಂ ಕೆನೆರಹಿತ ಹಾಲಿನ ಪುಡಿ ಕಲಸಿ. ಆಗಸ್ಟ್ ಮಳೆಯಲ್ಲಿ ಶೆಡ್ಡಿನ ನೆಲದ ಹಾಸು ಒದ್ದೆಯಾದರೆ ರಕ್ತಭೇದಿ ಬರುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ವೈದ್ಯರಿಗೆ ತೋರಿಸಿ. ತೋಟದ ಪಕ್ಕ ಕೆರೆಯಿದ್ದರೆ ಆ ಕಡೆ ಕೋಳಿ ಹೋಗದಂತೆ ಬಲೆ ಕಟ್ಟಿ. 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹಕ್ಕಿ ಜ್ವರ ದೃಢಪಟ್ಟಿತ್ತು. ಕಾಡುಹಕ್ಕಿಗಳ ಸಂಪರ್ಕ ಬಯಲು ಸಾಕಣೆಯ ದೊಡ್ಡ ಅಪಾಯ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಿದ ಮೇಲೆ ಉಳಿಯುವ ಹುಳು ಅಗ್ಗಕ್ಕೆ ಸಿಗುತ್ತದೆ. ಮಾಂಸದ ಕೋಳಿಗೆ ಹಾಕಬಹುದೇ?

ಉತ್ತರ: ಹಾಕಬಹುದು, ಸಸಾರಜನಕ ಹೇರಳವಾಗಿದೆ. ಆದರೆ ಹಸಿಯಾಗಿ ಬೇಡ. ಅದು ಬೇಗ ಕೊಳೆಯುತ್ತದೆ, ಅದರ ಕೊಬ್ಬು ಕಮಟುತ್ತದೆ. ಗರಿಗರಿಯಾಗಿ ಒಣಗಿಸಿ, ಪುಡಿ ಮಾಡಿ, ಮುಸುಕಿನ ಜೋಳದ ಮಿಶ್ರಣಕ್ಕೆ ಸ್ವಲ್ಪವೇ ಸೇರಿಸಿ. ಹೆಚ್ಚಾದರೆ ಮಾಂಸಕ್ಕೆ ವಾಸನೆ ಹಿಡಿಯುತ್ತದೆ. ಮಾರುವ ಎರಡು ವಾರ ಮೊದಲೇ ಪೂರ್ತಿ ನಿಲ್ಲಿಸಿ.