ಕುದುರೆ ಕಂಡರೆ ಏನು ಫಲ?

ನಮಸ್ಕಾರ.

ದಸ್ತಯೇವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ'ಯ ಕನಸುಗಳ ಬಗ್ಗೆ ನೀವು ಕಳಿಸಿದ ಎಂಟು ಪುಟದ ಲೇಖನ ಓದಿದೆ. ಕಾದಂಬರಿಯನ್ನು ನೀವು ನಿಜವಾಗಿಯೂ ಓದಿದ್ದೀರಿ, ಅದು ಗೊತ್ತಾಗುತ್ತದೆ. ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪು ಕಡಿಮೆ. ಇನ್ನು ಜಗಳಕ್ಕೆ ಬರುತ್ತೇನೆ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಸುಮ್ನೆ ಎರಡು ಸಾಲು ಬರೆದು ವಾಪಸ್ ಕಳಿಸಬಹುದಿತ್ತು. ಆದರೆ ಮೂರನೇ ಪುಟ ಓದಿ ಸಿಟ್ಟು ಬಂತು. ನನ್ನ ಮೇಜಿಗೆ ಬರುವ ಲೇಖನಗಳಲ್ಲಿ ಸಿಟ್ಟು ಬರಿಸುವಂಥವೂ ಅಪರೂಪ.

ಆ ಸಾಲು ಇದು: 'ಕುದುರೆಯ ಕನಸು ಮುಂದಿನ ಕೊಲೆಯ ಮುನ್ಸೂಚನೆ. ಕುದುರೆ ಇಲ್ಲಿ ಶೋಷಿತರ ಸಂಕೇತ. ಮಿಕೋಲ್ಕಾನೇ ರಸ್ಕೋಲ್ನಿಕೋವ್.'

ಕೊನೆಯದನ್ನು ಮೊದಲು ನೋಡೋಣ. ರಸ್ಕೋಲ್ನಿಕೋವ್ ಕಾದಂಬರಿಯ ನಾಯಕ, ಒತ್ತೆ ಇಟ್ಟುಕೊಂಡು ಸಾಲ ಕೊಡುವ ಮುದುಕಿಯನ್ನು ಕೊಡಲಿಯಿಂದ ಕೊಲ್ಲುವವನು. ಅದಕ್ಕೂ ಮೊದಲು ಅವನಿಗೆ ಬೀಳುವುದು ಈ ಕನಸು. ಬಡಕಲು ಕುದುರೆಯನ್ನು ದೊಡ್ಡ ಗಾಡಿಗೆ ಕಟ್ಟಿ, 'ಇದು ನನ್ನ ಸ್ವತ್ತು' ಎಂದು ಕೂಗುತ್ತಾ ಹೊಡೆದು ಕೊಲ್ಲುವವನು ಮಿಕೋಲ್ಕಾ, ಸರಿ. ಆ ಹುಡುಗ, ಕನಸಿನಲ್ಲಿ ಮತ್ತೆ ಮಗುವಾದ ರಸ್ಕೋಲ್ನಿಕೋವ್, ಎಲ್ಲಿ ಹೋದ? ನಿಮ್ಮ ಎಂಟು ಪುಟದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಸಾಲು: 'ಏಳು ವರ್ಷದ ಬಾಲಕ ಇದನ್ನು ನೋಡುತ್ತಾನೆ.' ಬರೀ ನೋಡುತ್ತಾನಾ? ಗುಂಪಿನೊಳಗೆ ನುಗ್ಗುತ್ತಾನೆ. ಚಾಟಿಯ ಏಟು ಅವನ ಮುಖಕ್ಕೂ ಬೀಳುತ್ತದೆ. ಸತ್ತ ಕುದುರೆಯ ರಕ್ತ ಸುರಿಯುವ ಮುಸುಡಿಯನ್ನು ತಬ್ಬಿ, ಕಣ್ಣಿಗೆ, ತುಟಿಗೆ ಮುತ್ತು ಕೊಡುತ್ತಾನೆ. ಆಮೇಲೆ ಪುಟ್ಟ ಮುಷ್ಟಿ ಬಿಗಿದು ಮಿಕೋಲ್ಕಾನ ಮೇಲೆ ಬೀಳುತ್ತಾನೆ. ಅಪ್ಪ ಬಂದು ಎತ್ತಿಕೊಳ್ಳುತ್ತಾನೆ. ಕುಡಿದಿದ್ದಾರೆ, ನಮಗ್ಯಾಕೆ, ಬಾ ಹೋಗೋಣ ಅನ್ನುತ್ತಾನೆ. ಹೊಡೆಯುವವನು, ತಬ್ಬಿಕೊಳ್ಳುವವನು, 'ನಮಗ್ಯಾಕೆ' ಅನ್ನುವವನು, ಈ ಮೂವರೂ ಹುಟ್ಟಿದ್ದು ಮಲಗಿದ್ದ ಒಬ್ಬನ ತಲೆಯೊಳಗೆ. ನನಗೆ ಹೆದರಿಕೆ ಹುಟ್ಟಿಸುವವನು ಆ ಮೂರನೆಯವನು. ನೀವು ಒಬ್ಬನನ್ನು ಇಟ್ಟುಕೊಂಡು ಇಬ್ಬರನ್ನು ಕಳಿಸಿಬಿಟ್ಟಿದ್ದೀರಿ.

ಇನ್ನು 'ಮುನ್ಸೂಚನೆ'. ಪೆಟ್ರೋವ್‌ಸ್ಕಿ ದ್ವೀಪದ ಪೊದೆಯೊಳಗೆ ಮಲಗಿದ್ದ ರಸ್ಕೋಲ್ನಿಕೋವ್ ಬೆವೆತು ಒದ್ದೆಯಾಗಿ ಎದ್ದು ಕೂರುತ್ತಾನಲ್ಲ, ಎದ್ದವನು ಏನು ಮಾಡಿದ? ನಿಜವಾಗಿಯೂ ನಾನು ಕೊಡಲಿ ಹಿಡಿಯುತ್ತೇನಾ ಎಂದು ತನ್ನನ್ನೇ ಕೇಳಿಕೊಂಡ. ಆಗುವುದಿಲ್ಲ, ನನ್ನಿಂದ ಆಗುವುದಿಲ್ಲ ಅಂದುಕೊಂಡ. ಸೇತುವೆ ದಾಟುವಾಗ ಮುಳುಗುವ ಸೂರ್ಯನನ್ನು ನೋಡಿದ. ತಿಂಗಳಿಂದ ಎದೆಯಲ್ಲಿ ಬಲಿಯುತ್ತಿದ್ದ ಕುರು ಒಡೆದಂತೆ ಹಗುರಾದ. ಅಂದರೆ ಕನಸು ಕೊಲೆಯನ್ನು ತಡೆದಿತ್ತು, ಸ್ವಲ್ಪ ಹೊತ್ತಾದರೂ. ಆಮೇಲೆ ಸುಸ್ತಾಗಿದ್ದರೂ ನೇರ ಮನೆಗೆ ಹೋಗದೆ, ಕೆಲಸವೇ ಇಲ್ಲದ ಸೆನ್ನಾಯಾ ಸಂತೆಯ ಕಡೆಗೆ ಸುತ್ತು ಹಾಕಿದ. ನಾಳೆ ಸಂಜೆ ಏಳಕ್ಕೆ ಮುದುಕಿಯ ಮಲತಂಗಿ ಲಿಜವೇತಾ ಮನೆಯಲ್ಲಿರುವುದಿಲ್ಲ, ಮುದುಕಿ ಒಬ್ಬಳೇ ಇರುತ್ತಾಳೆ ಎನ್ನುವುದು ಅಲ್ಲಿ ಕಿವಿಗೆ ಬಿತ್ತು. ಕಾದಂಬರಿ ತಿರುಗುವುದೇ ಆ ಸಂಜೆ. ನೀವು ಕನಸಿನಿಂದ ಕೊಡಲಿಗೆ ಒಂದೇ ನೆಗೆತ ನೆಗೆದಿದ್ದೀರಿ.

ನನಗೆ ಇಷ್ಟು ಉರಿಯಲು ಕಾರಣವಿದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಒಂದು ಸಣ್ಣ ವಾರಪತ್ರಿಕೆಗೆ ಸೇರಿದೆ. ಮೊದಲ ಕೆಲಸ 'ಕನಸಿನ ಫಲ' ಅಂಕಣದ ಪ್ರೂಫ್ ನೋಡುವುದು. ಹಾವು ಕಂಡರೆ ಇಂಥದ್ದು, ಹಲ್ಲು ಬಿದ್ದರೆ ಇಂಥದ್ದು. ಅದೇ ಹೊತ್ತಿಗೆ ಒಂದು ಕಥೆ ಬರೆದು ಹಿರಿಯ ಉಪಸಂಪಾದಕರ ಕೈಗಿಟ್ಟೆ. ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಕಥೆಯ ಕೊನೆಗೆ ನಾಯಕನಿಗೆ ಒಂದು ಕನಸು. ಒಣಗಿದ ಬಾವಿ, ಅದರೊಳಗೆ ತಾಯಿಯ ದನಿ. ಬರೆದಾಗ ನನಗೇ ಕಣ್ಣೀರು ಬಂದಿತ್ತು.

ಮೇಷ್ಟ್ರು ಓದಿ ಕನ್ನಡಕ ತೆಗೆದರು. 'ಇವನು ರಾತ್ರಿ ಏನು ಉಂಡಿದ್ದ?'

ತಮಾಷೆ ಅಂದುಕೊಂಡೆ.

'ಬೆಳಗ್ಗೆ ಎದ್ದು ಏನು ಮಾಡಿದ?'

'ಏನೂ ಇಲ್ಲ ಸಾರ್. ಕಥೆ ಅಲ್ಲಿಗೆ ಮುಗೀತು.'

'ಹಾಗಾದ್ರೆ ಇದನ್ನೂ ಆ ಅಂಕಣಕ್ಕೇ ಹಾಕೋಣ ಬಿಡು.'

ಒಂದು ತಿಂಗಳು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಕಥೆ ಇವತ್ತಿಗೂ ಅಚ್ಚಾಗಿಲ್ಲ, ಆಗಬಾರದು ಕೂಡ.

ಈಗ ನಿಮ್ಮ ಐದನೇ ಪುಟ ತೆಗೆಯಿರಿ. ಕೊಲೆಯ ದಿನ ರಸ್ಕೋಲ್ನಿಕೋವನಿಗೆ ಬೀಳುವ ಈಜಿಪ್ಟಿನ ಓಯಸಿಸ್ ಕನಸಿಗೆ ನೀವು ಬರೆದದ್ದು: 'ನೀರು ಶುದ್ಧಿಯ ಸಂಕೇತ.' ಇದು 'ಕನಸಿನ ಫಲ'ವೇ ಅಲ್ವಾ? ಜುಲೈ ಸೆಕೆ, ಹೆಂಚು ಕಾದ ಕೋಣೆ, ಸರಿಯಾಗಿ ಉಣ್ಣದೆ ಮಲಗಿದ ಹುಡುಗ. ಅವನಿಗೆ ಬಾಯಾರಿರಬಹುದು. ತಣ್ಣನೆ ನೀಲಿ ನೀರು, ಬಣ್ಣದ ಕಲ್ಲು, ಕುಡಿದಷ್ಟೂ ಸಾಲದು. ಅಷ್ಟರಲ್ಲಿ ಗಡಿಯಾರ ಹೊಡೆಯುತ್ತದೆ. ಆ ಸದ್ದಿಗೆ ಅವನು ಧಡಕ್ಕನೆ ಏಳುವುದನ್ನು ಬರೆದಿದ್ದರೆ ನಿಮಗೆ ಶುದ್ಧಿಯೂ ಬೇಕಿರಲಿಲ್ಲ, ಸಂಕೇತವೂ ಬೇಕಿರಲಿಲ್ಲ.

ಆರನೇ ಪುಟದಲ್ಲಿ, ಎರಡನೇ ಸಲ ಮುದುಕಿಯನ್ನು ಕೊಲ್ಲುವ ಕನಸು. 'ಅವಳ ನಗು ಆತ್ಮಸಾಕ್ಷಿಯ ಸಂಕೇತ.' ಆಗಲಿ. ನೊಣ ಎಲ್ಲಿ? ಕನಸಿನ ಆ ಕೋಣೆಯಲ್ಲಿ ಒಂದು ನೊಣ ಎಚ್ಚರಗೊಂಡು ಕಿಟಕಿ ಗಾಜಿಗೆ ಬಡಿದು ಗುಂಯ್‌ಗುಡುತ್ತದೆ. ಅವನು ಕಣ್ಣು ಬಿಡುತ್ತಾನೆ. ಬಾಗಿಲಲ್ಲಿ ಅಪರಿಚಿತನೊಬ್ಬ ನಿಂತಿದ್ದಾನೆ. ಇದು ಇನ್ನೂ ಕನಸೇ ಇರಬಹುದಾ ಎಂದು ಅವನಿಗೆ ಅನುಮಾನ. ಕೋಣೆಯೆಲ್ಲ ನಿಶ್ಶಬ್ದ. ಗಾಜಿಗೆ ಬಡಿಯುತ್ತಿರುವ ದೊಡ್ಡ ನೊಣದ ಸದ್ದು ಮಾತ್ರ. ಕನಸಿನಿಂದ ಎಚ್ಚರಕ್ಕೆ ದಾಟಿ ಬಂದ ಆ ನೊಣ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಮಾತು. ಲೇಖಕನ ಬದುಕಿಗೆ ಒಂದು ಪುಟ ಕೊಟ್ಟಿದ್ದೀರಿ. 1849ರಲ್ಲಿ ಕೊನೇ ಗಳಿಗೆಯಲ್ಲಿ ರದ್ದಾದ ಮರಣದಂಡನೆ, ಸೈಬೀರಿಯಾ, ಎಲ್ಲರೂ ಬರೆಯುವುದೇ. 1837ರಲ್ಲಿ, ಹದಿನೈದರ ಹುಡುಗನಾಗಿ ಪೀಟರ್ಸ್‌ಬರ್ಗಿಗೆ ಹೋಗುವ ದಾರಿಯಲ್ಲಿ ಅವನು ನೋಡಿದ್ದನ್ನು ಬಿಟ್ಟಿದ್ದೀರಿ. ಸರ್ಕಾರಿ ದೂತನೊಬ್ಬ ಗಾಡಿಯವನ ಕುತ್ತಿಗೆಗೆ ಗುದ್ದುತ್ತಿದ್ದ. ಗುದ್ದು ತಿಂದವನು ಕುದುರೆಗೆ ಚಾಟಿ ಬೀಸುತ್ತಿದ್ದ. 1876ರಲ್ಲಿ, ಐವತ್ತು ದಾಟಿದ ಮೇಲೂ ಅದನ್ನು ಮರೆಯದೆ ತನ್ನ 'ಡೈರಿ'ಯಲ್ಲಿ ಬರೆದ. ಆ ಪುಟ ಇದಕ್ಕೆ ಕೊಡಿ.

ಇನ್ನೊಂದು ಪಾತ್ರ ಸ್ವಿದ್ರಿಗೈಲೋವನ ಕನಸುಗಳನ್ನೂ ಕೊನೆಯ ಪಿಡುಗಿನ ಕನಸನ್ನೂ ಈ ಸಲ ಬಿಟ್ಟುಬಿಡಿ, ಜಾಸ್ತಿಯಾಯಿತು. ಪೊದೆಯಲ್ಲಿ ಎದ್ದು ಕೂತವನಿಂದ ಶುರು ಮಾಡಿ. ಸೆನ್ನಾಯಾ ತಲುಪಲು ಎಷ್ಟು ಪುಟ ಬೇಕೋ ಅಷ್ಟು ತಗೊಳ್ಳಿ. ಬಂದರೆ ನಾನೇ ಓದುತ್ತೇನೆ. ಫೈಲ್ ಮಾತ್ರ ಯುನಿಕೋಡ್‌ನಲ್ಲಿರಲಿ. ಹಳೇ ಫಾಂಟ್‌ನಲ್ಲಿ ಕಳಿಸಿದ್ದರಿಂದ ಒತ್ತಕ್ಷರಗಳೆಲ್ಲ ಒಡೆದು, ನಮ್ಮ ಡಿಟಿಪಿ ಹುಡುಗ ರಸ್ಕೋಲ್ನಿಕೋವನ ಹೆಸರು ಕೂಡಿಸುವುದರಲ್ಲೇ ಮಧ್ಯಾಹ್ನ ಕಳೆದ.