ಗೀಸರ್ ಮೊದಲು, ಬಲ್ಬು ಆಮೇಲೆ

ಪ್ರಶ್ನೆ: ನಾಲ್ವರಿರುವ ನಮ್ಮ ಬಾಡಿಗೆ ಮನೆಯಲ್ಲಿ ಕೆಲವು ತಿಂಗಳು ವಿದ್ಯುತ್ ಬಳಕೆ 200 ಯೂನಿಟ್ ದಾಟುವುದರಿಂದ, ಗೃಹಜ್ಯೋತಿ ಯೋಜನೆಯಲ್ಲಿದ್ದರೂ ಪೂರ್ತಿ ಬಿಲ್ ಕಟ್ಟಬೇಕಾಗುತ್ತಿದೆ. ಬಳಕೆ ತಗ್ಗಿಸಲು ಮೊದಲು ಏನು ಮಾಡಬೇಕು?
— ಓದುಗರೊಬ್ಬರು, ತುಮಕೂರು

ಉತ್ತರ: ಬಲ್ಬುಗಳ ಚಿಂತೆಯನ್ನು ಬದಿಗಿಟ್ಟು ಮೊದಲು ಗೀಸರ್ ಕಡೆ ಗಮನ ಕೊಡಿ. 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ನೀರು ಕಾಯಿಸಿದರೆ ಒಂದು ಯೂನಿಟ್ ಖರ್ಚಾಗುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಸ್ನಾನ ಮಾಡುವ ಮನೆಯಲ್ಲಿ ಕಾದ ನೀರು ಆರಿ ಮತ್ತೆ ಕಾಯಿಸಬೇಕಾಗುವುದರಿಂದ, ಎಲ್ಲರೂ ಒಬ್ಬರ ಹಿಂದೊಬ್ಬರಂತೆ ಸ್ನಾನ ಮುಗಿಸಿ ಸ್ವಿಚ್ ಆರಿಸುವುದು ಖರ್ಚಿಲ್ಲದ ಉಪಾಯ. ಅನಂತರದ್ದು ಫ್ಯಾನ್. ಹಳೆಯದು ಸುಮಾರು 75 ವ್ಯಾಟ್ ಎಳೆದರೆ, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಹೊಸ ಬಗೆಯ ಬಿಎಲ್‌ಡಿಸಿ ಮೋಟಾರಿನದು 30ರ ಆಸುಪಾಸಿನಲ್ಲಿ ಓಡುತ್ತದೆ. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನಿನಿಂದಲೇ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ಮನೆ ಬದಲಿಸುವಾಗ ಅದನ್ನು ಬಿಚ್ಚಿಕೊಂಡು ಹೋಗಬಹುದು.