ಟಿಲ್ಲರಿನ ಇಂಜೆಕ್ಟರ್, ಡ್ರಿಪ್ಪಿನ ಇಂಜೆಕ್ಟರ್

ನಮಸ್ಕಾರ. ತಮ್ಮ ಟಿಲ್ಲರ್ ಕಪ್ಪು ಹೊಗೆ ಬಿಡುತ್ತಿದ್ದು ಮೆಕ್ಯಾನಿಕ್ ಇಂಜೆಕ್ಟರ್ ಕೆಟ್ಟಿದೆ ಎನ್ನುತ್ತಾರೆ, ಅಡಿಕೆ ತೋಟದ ಡ್ರಿಪ್ಪಿಗೂ ಇಂಜೆಕ್ಟರ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ, ಇವೆರಡೂ ಒಂದೆಯೇ ಎಂದು ತೀರ್ಥಹಳ್ಳಿ ಕಡೆಯ ಸದಸ್ಯರು ಕೇಳಿದ್ದಾರೆ. ಸಾಧನಗಳು ಬೇರೆ, ದ್ರವವನ್ನು ಬೇಕಾದ ಜಾಗಕ್ಕೆ ಅಳತೆಯಲ್ಲಿ ಸೇರಿಸುವ ಕೆಲಸ ಮಾತ್ರ ಒಂದೇ.

ಟಿಲ್ಲರಿನಲ್ಲಿ ಪಂಪು ಒತ್ತಿದ ಡೀಸೆಲ್ ಇಂಜೆಕ್ಟರಿನೊಳಗಿನ ಸೂಜಿಯನ್ನು ಎತ್ತಿ, ನಾಝಲ್ಲಿನ ಸಣ್ಣ ತೂತಿನಿಂದ ಮಂಜಿನಂತೆ ಸಿಡಿಯುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್ ಆದರೆ ಇಲ್ಲಿರುವುದು 100 ಬಾರಿಗೂ ಹೆಚ್ಚು. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಹೊಸ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಅದು 1,000 ಬಾರ್ ದಾಟುತ್ತದೆ. ಸೂಜಿಗೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಇರುವುದರಿಂದ, ನಮ್ಮ ಮಳೆಗಾಲದಲ್ಲಿ ಟ್ಯಾಂಕಿಗೆ ಸೇರುವ ನೀರಿನ ಹನಿಯೂ ಕ್ಯಾನಿನ ತಳದ ಕೆಸರೂ ಅದನ್ನು ಹಾಳುಮಾಡುತ್ತವೆ. ಆದರೂ ಹೊಸದನ್ನು ಕೊಳ್ಳುವ ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಿ. ಅದು ಕಟ್ಟಿಕೊಂಡಿದ್ದರೂ ಹೊಗೆ ಕಪ್ಪಾಗುತ್ತದೆ. ಆನಂತರ ಡೀಸೆಲ್ ಪಂಪ್ ರಿಪೇರಿ ಮಾಡುವಲ್ಲಿ ಟೆಸ್ಟರಿಗೆ ಹಾಕಿಸಿ: ಸಿಂಪಡಣೆ ಸಮನಾಗಿ ಬಂದು, ನಿಂತ ಮೇಲೆ ತುದಿಯಲ್ಲಿ ಡೀಸೆಲ್ ತೊಟ್ಟಿಕ್ಕದಿದ್ದರೆ ನಾಝಲ್ ಚೆನ್ನಾಗಿದೆ ಎಂದರ್ಥ.

ಆ ಸಿಂಪಡಣೆಗೆ ದಯವಿಟ್ಟು ಕೈ ಒಡ್ಡಬೇಡಿ. ಡೀಸೆಲ್ ಚರ್ಮವನ್ನು ತೂರಿ ಬೆರಳಿನೊಳಗೆ ಹರಡುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟೇ ಗಾಯ, ನೋವೂ ಮೊದಲಿಗೆ ಕಡಿಮೆ, ಆದರೆ ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಗೆ ಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ. ಇದೇ ಶಕ್ತಿಯನ್ನು ಹದಮಾಡಿ, ಸೂಜಿಯಿಲ್ಲದೆ ಲಸಿಕೆ ಕೊಡುವ ಜೆಟ್ ಇಂಜೆಕ್ಟರುಗಳನ್ನೂ ವೈದ್ಯಕೀಯದಲ್ಲಿ ಬಳಸುತ್ತಾರೆ. ಜೇನು, ಕಣಜ ಕಚ್ಚಿದಾಗ ತೀವ್ರ ಅಲರ್ಜಿಯಾಗುವವರಿಗೆ ವೈದ್ಯರು ಬರೆದುಕೊಡುವ ಅಡ್ರಿನಲಿನ್ ಆಟೋ ಇಂಜೆಕ್ಟರಿನಲ್ಲಿ ಮಾತ್ರ ಸ್ಪ್ರಿಂಗು ಸೂಜಿಯನ್ನೇ ತೊಡೆಯ ಹೊರಬದಿಗೆ ಚುಚ್ಚಿ ನಿಗದಿತ ಮದ್ದನ್ನು ಒಳಗೆ ಬಿಡುತ್ತದೆ.

ಡ್ರಿಪ್ಪಿಗೆ ಗೊಬ್ಬರ ಸೇರಿಸುವ ಇಂಜೆಕ್ಟರ್, ಅಂದರೆ ನಡುವೆ ಕಿರಿದಾದ ವೆಂಚುರಿ ಎಂಬ ಕೊಳವೆ, ತಳ್ಳುವುದಿಲ್ಲ, ಎಳೆಯುತ್ತದೆ. ಕಿರಿದಾದ ನಡುವಿನಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಕುಸಿಯುವುದರಿಂದ ಡ್ರಮ್ಮಿನ ಗೊಬ್ಬರದ ನೀರು ತಾನಾಗಿ ಒಳಗೆ ಬರುತ್ತದೆ. ಫ್ರಾನ್ಸಿನ ಹೆನ್ರಿ ಜಿಫಾರ್ 1858ರಲ್ಲಿ ಪೇಟೆಂಟ್ ಪಡೆದ, ಉಗಿಯ ಬಲದಿಂದಲೇ ಬಾಯ್ಲರಿಗೆ ನೀರುಣಿಸುವ ಇಂಜೆಕ್ಟರಿನಲ್ಲೂ ನೀರನ್ನು ಎಳೆಯುವುದು ಇಂಥದ್ದೇ ಕುಸಿತ. ಹಿಂದೆ ಮುಂದೆ ಒತ್ತಡದ ವ್ಯತ್ಯಾಸ ಸಾಲದಿದ್ದರೆ ವೆಂಚುರಿ ಎಳೆಯದು. ಗೊಬ್ಬರ ಬಾವಿಗೆ ಮರಳದಂತೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕದ ಗೊಬ್ಬರದೊಂದಿಗೆ ಬೆರೆಸದೆ ಬೇರೆಯಾಗಿ ಕೊಡಿ, ಕೊನೆಗೆ ಸ್ವಲ್ಪ ಹೊತ್ತು ಬರೀ ನೀರು ಹಾಯಿಸಿ.

ನಾಝಲ್ ಪರೀಕ್ಷೆ ಆದ ಮೇಲೆ ಹೊಗೆಯ ಬಣ್ಣ ಹೇಗಿದೆ ಎಂದು ತಿಳಿಸಿ. ಇನ್ನೂ ಕಪ್ಪಾಗಿದ್ದರೆ ಪಂಪಿನ ಟೈಮಿಂಗ್, ಅಂದರೆ ಡೀಸೆಲ್ ಒತ್ತುವ ಸಮಯ ಸರಿಯಿದೆಯೇ ಎಂದು ನೋಡಿಸಬೇಕಾಗುತ್ತದೆ.